ಜನರಲ್ ಗೆದ್ದ ಕ್ಷೇತ್ರ ಈಗಿಲ್ಲ

ಉತ್ತರಾಖಂಡದ ಪೌರಿ ಗಢ್ವಾಲ್ ಜಿಲ್ಲೆಯಲ್ಲಿ ಧುಮಾಕೋಟ್ ಎಂಬ ಊರಿದೆ. ಅದೇ ಹೆಸರಿನ ವಿಧಾನಸಭಾ ಕ್ಷೇತ್ರವೂ ಒಂದಿತ್ತು. 2007ರಲ್ಲಿ ಆ ರಾಜ್ಯದ ಮುಖ್ಯಮಂತ್ರಿ ಅಲ್ಲಿಂದಲೇ ಶಾಸಕರಾಗಿ ಆರಿಸಿ ಬಂದರು. ಊರು ಈಗಲೂ ಇದೆ, ಕ್ಷೇತ್ರ ಮಾತ್ರ ಇಲ್ಲ. ಪುನರ್ವಿಂಗಡಣೆಯ ನಂತರ, 2012ರ ಚುನಾವಣೆಯ ಹೊತ್ತಿಗೆ, ಅದರ ಹಳ್ಳಿಗಳು ಬೇರೆ ಹೆಸರಿನ ಕ್ಷೇತ್ರಗಳಿಗೆ ಸೇರಿಹೋಗಿದ್ದವು. ಅಧಿಕಾರ ಶಾಶ್ವತವಲ್ಲ ಎಂಬ ಮಾತನ್ನು ಎಷ್ಟೋ ಸಲ ಕೇಳಿದ್ದೇವೆ, ಆಡಿಯೂ ಇದ್ದೇವೆ. ಆದರೆ ಅಧಿಕಾರವನ್ನು ಕೊಟ್ಟ ನೆಲದ ಗೆರೆಯೇ ಅಳಿಸಿಹೋಗುತ್ತದೆ ಎಂದು ಯಾರು ಎಣಿಸುತ್ತಾರೆ?

ಆ ಮುಖ್ಯಮಂತ್ರಿ ಭುವನ್ ಚಂದ್ರ ಖಂಡೂರಿ. 1934ರಲ್ಲಿ ಹುಟ್ಟಿದವರು. 1954ರಲ್ಲಿ ಸೇನೆಯ ಎಂಜಿನಿಯರ್ ದಳ ಸೇರಿ, 1971ರ ಯುದ್ಧ ಕಂಡು, 1990ರಲ್ಲಿ ಮೇಜರ್ ಜನರಲ್ ಆಗಿ ನಿವೃತ್ತರಾದರು. ಮೂವತ್ತಾರು ವರ್ಷ ಅವರು ಬಾಳಿದ ಆ ದಳದ ಕಸುಬನ್ನು ಕೊಂಚ ನಿಂತು ನೋಡಬೇಕು. ದಾರಿ ಮಾಡುವುದು, ನೆಲಬಾಂಬು ತೆಗೆಯುವುದು, ಹೊಳೆಗೆ ಸೇತುವೆ ಹಾಕುವುದು ಅವರ ಕೆಲಸ. 2024ರಲ್ಲಿ ವಯನಾಡಿನ ಗುಡ್ಡ ಕುಸಿದಾಗ ಬೆಂಗಳೂರಿನ ಮದ್ರಾಸ್ ಎಂಜಿನಿಯರ್ ಗ್ರೂಪಿನ ಯೋಧರು ಚೂರಲ್‌ಮಲೆಯಲ್ಲಿ 190 ಅಡಿ ಉದ್ದದ ಬೈಲಿ ಬ್ರಿಡ್ಜ್ ಕಟ್ಟಿದ್ದನ್ನು ನಾವೆಲ್ಲ ನೋಡಿದೆವು. ಆ ಸೇತುವೆಯ ಗುಣವೇ ವಿಶೇಷವಾದದ್ದು. ಉಕ್ಕಿನ ಚೌಕಟ್ಟುಗಳನ್ನು ಒಂದಕ್ಕೊಂದು ಜೋಡಿಸಿ ನಿಲ್ಲಿಸುತ್ತಾರೆ, ಅಗತ್ಯ ಮುಗಿದರೆ ಬಿಚ್ಚಿ ಇನ್ನೊಂದೆಡೆ ಒಯ್ಯುತ್ತಾರೆ. ಶಾಶ್ವತವಾಗಿರಲಿ ಎಂದು ಅದನ್ನು ಯಾರೂ ಕಟ್ಟುವುದಿಲ್ಲ. ಹಾಗೆಂದು, ನಾಳೆ ಬಿಚ್ಚುವುದೇ ತಾನೆ ಎಂದು ಇವತ್ತು ಒಂದು ಪಿನ್ನನ್ನೂ ಸಡಿಲ ಬಿಡುವಂತಿಲ್ಲ. ಅದರ ಮೇಲೆ ಹಾಯುವ ಲಾರಿಯ ಭಾರ ಪೂರ್ತಿ ಭಾರವೇ.

ಅನಿತ್ಯದ ಬಗ್ಗೆ ನಾನು ಓದಿದ ಎಷ್ಟೋ ಮಾತುಗಳಿಗಿಂತ ಈ ಒಂದು ಸಂಗತಿ ನನಗೆ ಹೆಚ್ಚು ತಿಳಿಸಿಕೊಟ್ಟಿದೆ. ಖಂಡೂರಿಯವರ ಎರಡನೆಯ ಬದುಕನ್ನು, ಅಂದರೆ ರಾಜಕೀಯದ ಬದುಕನ್ನು, ನಾನು ಈ ಸೇತುವೆಯ ಮೇಲೆ ನಿಂತೇ ನೋಡುತ್ತೇನೆ.

1991ರಲ್ಲಿ ಗಢ್ವಾಲದಿಂದ ಲೋಕಸಭೆಗೆ ಗೆದ್ದರು, 1996ರಲ್ಲಿ ಸೋತರು, 1998ರಲ್ಲಿ ಮತ್ತೆ ಗೆದ್ದರು. ವಾಜಪೇಯಿ ಸರ್ಕಾರದಲ್ಲಿ ಹೆದ್ದಾರಿ ಖಾತೆ ಅವರ ಕೈಗೆ ಬಂತು. ದೆಹಲಿ, ಮುಂಬಯಿ, ಚೆನ್ನೈ, ಕೋಲ್ಕತ್ತಗಳನ್ನು ಸುತ್ತುವರಿದು ಜೋಡಿಸುವ 5,846 ಕಿಲೋಮೀಟರ್ ಉದ್ದದ ಸುವರ್ಣ ಚತುಷ್ಪಥದ ಕೆಲಸ ಬಿರುಸಾಗಿ ನಡೆದದ್ದು ಆ ವರ್ಷಗಳಲ್ಲಿ. ಬೆಳಗಾವಿಯಿಂದ ಹುಬ್ಬಳ್ಳಿ, ದಾವಣಗೆರೆ, ಚಿತ್ರದುರ್ಗ, ತುಮಕೂರು ಹಾಯ್ದು ಬೆಂಗಳೂರಿಗೆ ಬರುವ ನಮ್ಮ ರಸ್ತೆಯೂ ಅದರದೇ ಭಾಗ. ಆಗ ಅದು ನಾಲ್ಕನೇ ನಂಬರಿನ ರಾಷ್ಟ್ರೀಯ ಹೆದ್ದಾರಿ, ಈಗ ಅದರ ನಂಬರು 48. ಅಂದು ಹಾಕಿದ ಡಾಂಬರಿನ ಮೇಲೆ ಮತ್ತೆ ಡಾಂಬರು ಬಿದ್ದಿದೆ, ಹಲವೆಡೆ ನಾಲ್ಕು ಪಥ ಆರಾಗಿದೆ. ರಾತ್ರಿ ಬಸ್ಸಿನಲ್ಲಿ ಮಲಗಿ ಊರು ಸೇರುವವರಿಗೆ ಆಗಿನ ಮಂತ್ರಿಯ ಹೆಸರು ನೆನಪಿರಬೇಕಾಗಿಲ್ಲ. ದಾರಿ ಚೆನ್ನಾಗಿದ್ದರೆ ನಿದ್ದೆ ಬರುತ್ತದೆ, ಅಷ್ಟು ಸಾಕು.

2007ರ ಮಾರ್ಚಿನಲ್ಲಿ ಅವರು ಉತ್ತರಾಖಂಡದ ಮುಖ್ಯಮಂತ್ರಿಯಾದಾಗ ವಿಧಾನಸಭೆಯ ಸದಸ್ಯರಾಗಿರಲಿಲ್ಲ. ಅಂಥವರು ಆರು ತಿಂಗಳೊಳಗೆ ಸದಸ್ಯರಾಗದಿದ್ದರೆ ಪದವಿ ಉಳಿಯದು ಎನ್ನುತ್ತದೆ ಸಂವಿಧಾನ. ಆಗ ಧುಮಾಕೋಟ್‌ನ ಶಾಸಕರಾಗಿದ್ದವರು ಎದುರು ಪಕ್ಷವಾದ ಕಾಂಗ್ರೆಸ್ಸಿನ ತೇಜ್‌ಪಾಲ್ ಸಿಂಗ್ ರಾವತ್, ಅವರೂ ನಿವೃತ್ತ ಲೆಫ್ಟಿನೆಂಟ್ ಜನರಲ್. ಅವರು ರಾಜೀನಾಮೆ ಕೊಟ್ಟು ಜಾಗ ಬಿಟ್ಟರು, ಉಪಚುನಾವಣೆಯಲ್ಲಿ ಖಂಡೂರಿ ಗೆದ್ದರು. ಎರಡು ವರ್ಷ ಕಳೆಯಿತು. 2009ರಲ್ಲಿ ರಾಜ್ಯದ ಐದೂ ಲೋಕಸಭಾ ಸ್ಥಾನಗಳನ್ನು ಬಿಜೆಪಿ ಕಳೆದುಕೊಂಡಿತು, ಖಂಡೂರಿ ಕುರ್ಚಿ ಬಿಟ್ಟರು. 2011ರ ಸೆಪ್ಟೆಂಬರಿನಲ್ಲಿ ಪಕ್ಷವೇ ಅವರನ್ನು ಮತ್ತೆ ಕರೆತಂದಿತು. ಚುನಾವಣೆಗೆ ಉಳಿದಿದ್ದದ್ದು ಕೆಲವೇ ತಿಂಗಳು. ಅಷ್ಟರಲ್ಲೇ ಅವರು ಮುಖ್ಯಮಂತ್ರಿಯನ್ನೂ ತನಿಖೆಯ ವ್ಯಾಪ್ತಿಗೆ ತರುವ ಲೋಕಾಯುಕ್ತ ಮಸೂದೆಯನ್ನು ವಿಧಾನಸಭೆಯಲ್ಲಿ ಅಂಗೀಕಾರ ಮಾಡಿಸಿದರು.

2012ರ ಚುನಾವಣೆಯಲ್ಲಿ ಪಕ್ಷದ ಘೋಷಣೆ ‘ಖಂಡೂರಿ ಹೈ ಜರೂರಿ’. ಖಂಡೂರಿ ಬೇಕೇ ಬೇಕು ಎಂದು ರಾಜ್ಯವಿಡೀ ಸಾರಿದರು. ಎಣಿಕೆ ಮುಗಿದಾಗ ಕಾಂಗ್ರೆಸ್ಸಿಗೆ 32, ಬಿಜೆಪಿಗೆ 31. ಕೋಟದ್ವಾರದಲ್ಲಿ ಸ್ವತಃ ಖಂಡೂರಿ 4,600ಕ್ಕೂ ಹೆಚ್ಚು ಮತಗಳಿಂದ ಸೋತಿದ್ದರು. ಆ ಲೋಕಾಯುಕ್ತ ಕಾಯ್ದೆಯೂ ನಿಲ್ಲಲಿಲ್ಲ, ನಂತರ ಬಂದ ಸರ್ಕಾರ ಅದರ ಜಾಗಕ್ಕೆ ಬೇರೆಯದನ್ನು ತಂದಿತು.

ಹೀಗೆ ಒಂದೊಂದಾಗಿ ಎಣಿಸುತ್ತ ಹೋದರೆ ಮನಸ್ಸಿಗೆ ಒಂದು ಬಗೆಯ ವೈರಾಗ್ಯ ಕವಿಯುವುದು ಸಹಜ. ಕ್ಷೇತ್ರ ಹೋಯಿತು, ಪದವಿ ಹೋಯಿತು, ಕಾಯ್ದೆ ಹೋಯಿತು, ಹೆದ್ದಾರಿಯ ನಂಬರೂ ಹೋಯಿತು. ಹಾಗಾದರೆ ಇಷ್ಟೆಲ್ಲ ಯಾಕೆ ಬೇಕಿತ್ತು? ಈ ಪ್ರಶ್ನೆ ಆಳವಾದದ್ದೆಂದು ನಮಗೆ ಅನಿಸುತ್ತದೆ. ನನಗೆ ಮಾತ್ರ ಅದು ಅಪಾಯದ ಪ್ರಶ್ನೆ. ಯಾವುದೂ ಉಳಿಯದು ಎಂದ ಮೇಲೆ ಯಾವುದನ್ನೂ ನೆಟ್ಟಗೆ ಮಾಡಬೇಕಾಗಿಲ್ಲ ಎಂಬಲ್ಲಿಗೆ ಅದು ನಮ್ಮನ್ನು ಮೆಲ್ಲಗೆ ನಡೆಸಿಕೊಂಡು ಹೋಗುತ್ತದೆ.

ಹಿಮಾಲಯದ ರಸ್ತೆಗಳು ಇದನ್ನು ಒಪ್ಪುವುದಿಲ್ಲ. ಅದು ಇನ್ನೂ ಎಳೆಯ ಪರ್ವತ, ಮಳೆಗಾಲ ಬಂತೆಂದರೆ ಸಡಿಲ ಮಣ್ಣು ಜಾರಿ ದಾರಿ ಮುಚ್ಚುತ್ತದೆ. ಮಣ್ಣು ಸರಿಸಬೇಕು, ತಡೆಗೋಡೆ ಕಟ್ಟಬೇಕು, ಮರುವರ್ಷ ಮತ್ತೆ ಅದನ್ನೇ ಮಾಡಬೇಕು. ಮಾಡದಿದ್ದರೆ ಆಗುವ ನಷ್ಟ ತತ್ವದ ಮಟ್ಟದಲ್ಲಿ ಉಳಿಯುವುದಿಲ್ಲ. 2018ರ ಜುಲೈ 1ರಂದು ಇದೇ ಧುಮಾಕೋಟ್ ಸೀಮೆಯಲ್ಲಿ ಮಿತಿಮೀರಿ ಜನ ತುಂಬಿದ್ದ ಬಸ್ಸೊಂದು ಕಮರಿಗೆ ಉರುಳಿ 48 ಮಂದಿ ಸತ್ತರು. ಬದುಕು ಕ್ಷಣಿಕ ಎಂದು ಆ ಮನೆಗಳ ಮುಂದೆ ನಿಂತು ಹೇಳುವ ಹಕ್ಕು ಯಾರಿಗಿದೆ? ಬದುಕು ಕ್ಷಣಿಕವೆಂದೇ ತಾನೆ ದಾರಿಗೆ ತಡೆಗೋಡೆ ಬೇಕು, ಬಸ್ಸಿಗೆ ಜನರ ಲೆಕ್ಕ ಬೇಕು, ಹೊತ್ತಿಗೆ ಸರಿಯಾಗಿ ನೋಡುವ ಕಣ್ಣು ಬೇಕು!

ಪ್ರಜಾಪ್ರಭುತ್ವಕ್ಕೂ ಈ ತಿಳಿವಳಿಕೆಯಿದೆ. ವಿಧಾನಸಭೆಗೆ ಐದು ವರ್ಷದ ಆಯುಸ್ಸು ಕೊಟ್ಟು ಸಂವಿಧಾನ ಬರೆದವರು ಅನಿತ್ಯವನ್ನೇ ನಿಯಮ ಮಾಡಿದರು. ರಾಜ ಸಾಯುವವರೆಗೆ ಕಾಯಬೇಕಿದ್ದ ಪ್ರಜೆಗೆ ಮುಂದಿನ ಚುನಾವಣೆಯವರೆಗೆ ಕಾದರೆ ಸಾಕು ಎಂದಾಯಿತು. 2022ರಲ್ಲಿ ಖಂಡೂರಿಯವರ ಮಗಳು ಋತು ಖಂಡೂರಿ ಅದೇ ಕೋಟದ್ವಾರದಿಂದ, ತಂದೆಯನ್ನು ಸೋಲಿಸಿದ್ದ ಅದೇ ಸುರೇಂದ್ರ ಸಿಂಗ್ ನೇಗಿಯವರ ವಿರುದ್ಧ ಗೆದ್ದು, ಆ ವಿಧಾನಸಭೆಯ ಮೊದಲ ಮಹಿಳಾ ಸ್ಪೀಕರ್ ಆದರು. ಇದನ್ನು ಮನೆತನದ ಸೇಡು ತೀರಿದ ಕಥೆಯಾಗಿ ಹೇಳಬಹುದು. ನಾನು ಹಾಗೆ ಓದುವುದಿಲ್ಲ. ಆ ಮತವನ್ನೂ ಕೋಟದ್ವಾರದ ಜನ ಐದು ವರ್ಷಕ್ಕೆಂದೇ ಕೊಟ್ಟದ್ದು.

ಮತ ಹಾಕುವ ನಾವು ಇದರಿಂದ ಕಲಿಯಬೇಕಾದ್ದು ಒಂದಿದೆ. ಶಾಸಕರ ಹೆಸರು ಎಷ್ಟು ಕಾಲ ಉಳಿಯುತ್ತದೆ ಎಂದು ನಾವು ಕೇಳಬೇಕಿಲ್ಲ. ಅವರ ಕಾಲದಲ್ಲಿ ಶಾಲೆಯ ಸೂರು ಸೋರದೆ ಇತ್ತೇ, ಆಸ್ಪತ್ರೆಯಲ್ಲಿ ಡಾಕ್ಟರು ಇದ್ದರೇ, ದಾರಿಯಲ್ಲಿ ಹೋದವರು ಮನೆ ಸೇರಿದರೇ ಎಂದು ಕೇಳಬೇಕು. ಎಲ್ಲವೂ ಒಂದು ದಿನ ಹೋಗುವಂಥದ್ದೇ. ಆದರೆ ಇರುವಷ್ಟು ದಿನ ಅವುಗಳ ಮೇಲೆ ಜನರ ಭಾರವಿದೆ. ಆ ಭಾರ ಹೊರುವಷ್ಟು ಗಟ್ಟಿಯಾಗಿ ಮಾಡಿದವರೇ, ಅನಿತ್ಯವೆಂದರೆ ಏನೆಂದು ಸರಿಯಾಗಿ ಅರಿತವರು.