ಹಲವು ನಿಯಮಗಳೋ, ಒಂದು ವ್ರತವೋ?

ಚಾತುರ್ಮಾಸವು ಸಮೀಪಿಸಿತೆಂದರೆ ನಮ್ಮ ಶ್ರಾವಕರ ಮನೆಗಳಲ್ಲಿ ನಿಯಮಗಳ ಮಾತು ಮೊದಲಾಗುತ್ತದೆ. ಒಬ್ಬರು ಹಸಿರು ಕಾಯಿಪಲ್ಯವನ್ನು ತ್ಯಜಿಸುವರು; ಮತ್ತೊಬ್ಬರು ಬೆಲ್ಲ ಸಕ್ಕರೆಗಳನ್ನು ಬಿಡುವರು; ಇನ್ನೊಬ್ಬರು ಏಕಭುಕ್ತವನ್ನು ಸ್ವೀಕರಿಸುವರು. ಇವೆಲ್ಲವೂ ಶ್ಲಾಘ್ಯವೇ ಸರಿ. ಆದರೆ ನಿಯಮಗಳ ಸಂಖ್ಯೆ ಹೆಚ್ಚಿದಷ್ಟೂ ಧರ್ಮವೂ ಹೆಚ್ಚುವುದೇ? ಈ ಪ್ರಶ್ನೆಯನ್ನು ವಾಚಕ ಬಂಧುಗಳ ಮುಂದಿಡುವುದೇ ಪ್ರಸ್ತುತ ಲೇಖನದ ಉದ್ದೇಶ.

ಲೌಕಿಕರೂ ಈ ವಿಷಯವನ್ನು ವಿಚಾರಿಸಿದ್ದಾರೆ. ಇಟಲಿಯ ಅರ್ಥಶಾಸ್ತ್ರಜ್ಞ ವಿಲ್ಫ್ರೆಡೋ ಪರೇಟೊ (1848–1923) ಎಂಬುವನು ಸಂಪತ್ತು ಸಮನಾಗಿ ಹರಡದೆ ಕೆಲವರಲ್ಲಿಯೇ ಕೂಡಿಕೊಂಡಿರುವುದನ್ನು ಗಣಿತದಿಂದ ತೋರಿಸಿದನು. ಅನಂತರ ಅಮೆರಿಕದ ಜೋಸೆಫ್ ಜುರಾನನು (1904–2008) ಕಾರ್ಖಾನೆಗಳ ದೋಷಗಳನ್ನು ಪರೀಕ್ಷಿಸಿ, ಬಹುಪಾಲು ದೋಷಗಳಿಗೆ ಕೆಲವೇ ಕಾರಣಗಳಿರುವುದನ್ನು ಕಂಡು, ಆ ತತ್ತ್ವಕ್ಕೆ ಪರೇಟೊನ ಹೆಸರನ್ನಿಟ್ಟನು. ಎಂಬತ್ತು–ಇಪ್ಪತ್ತರ ಲೆಕ್ಕವೆಂದು ಇದು ಪ್ರಸಿದ್ಧವಾಗಿದೆ. ಮುಖ್ಯವಾದ ಕೆಲವನ್ನು ಹಿಡಿದು ಅಲ್ಲಿಯೇ ಶಕ್ತಿಯನ್ನು ವಿನಿಯೋಗಿಸಿದರೆ ಕಾರ್ಯಸಿದ್ಧಿಯು ಹೆಚ್ಚುವುದೆಂಬುದು ಇದರ ಸಾರ. ಉಳಿದವುಗಳನ್ನು ಜುರಾನನು ಮೊದಲು ಕ್ಷುಲ್ಲಕವೆಂದು ಕರೆದು, ಮುಂದೆ ಉಪಯುಕ್ತವೆಂದು ತಿದ್ದಿಕೊಂಡನು. ಈ ತಿದ್ದುಪಡಿಯು ಗಮನಾರ್ಹವಾದುದು.

ನಮ್ಮ ಆಚಾರ್ಯರು ಈ ವಿವೇಕವನ್ನು ಬಹು ಹಿಂದೆಯೇ ಬೋಧಿಸಿದ್ದಾರೆ. ಸಮಂತಭದ್ರಾಚಾರ್ಯರು ರತ್ನಕರಂಡಕದಲ್ಲಿ ಗೃಹಸ್ಥನಿಗೆ ಎಂಟು ಮೂಲಗುಣಗಳನ್ನು ಹೇಳಿದರು: ಮದ್ಯ, ಮಾಂಸ, ಮಧುಗಳ ತ್ಯಾಗ ಮತ್ತು ಐದು ಅಣುವ್ರತಗಳು. ಮೂಲವೆಂದರೆ ಬೇರು. ಬೇರು ಗಟ್ಟಿಯಾದಲ್ಲಿ ಕೊಂಬೆಗಳೂ ಉಪಯುಕ್ತವೇ. ಅದೇ ಗ್ರಂಥದಲ್ಲಿ ಗುಣವ್ರತಗಳ ಪೈಕಿ ಅನರ್ಥದಂಡವ್ರತವೆಂಬುದೊಂದುಂಟು. ಪ್ರಯೋಜನವಿಲ್ಲದ ಮಾತು, ಚಿಂತೆ, ಓಡಾಟಗಳಿಂದ ನಿವೃತ್ತನಾಗುವುದೂ ಒಂದು ವ್ರತವೇ ಎಂದು ಎಣಿಸಿದುದು ಎಷ್ಟು ದೂರದೃಷ್ಟಿ!

ಇಲ್ಲಿ ನನ್ನದೇ ದೋಷವೊಂದನ್ನು ನಿವೇದಿಸುವುದು ಅವಶ್ಯ. ಉಪಾಧ್ಯಾಯ ವೃತ್ತಿಯಿಂದ ನಿವೃತ್ತನಾದ ವರ್ಷ, ಬಿಡುವು ದೊರೆತ ಉತ್ಸಾಹದಲ್ಲಿ ಹನ್ನೊಂದು ನಿಯಮಗಳನ್ನು ಕೈಕೊಂಡೆನು. ಶಾಲೆಯ ಹಾಜರಿ ಪುಸ್ತಕದಂತೆ ಗೆರೆ ಎಳೆದ ವಹಿಯೊಂದರಲ್ಲಿ ಪ್ರತಿದಿನವೂ ಗುರುತು ಹಾಕುತ್ತಿದ್ದೆನು. ಅಷ್ಟಮಿ, ಚತುರ್ದಶಿಗಳ ಉಪವಾಸ ಒಂದೂ ತಪ್ಪಲಿಲ್ಲ. ಆದರೆ ಹಿರಿಯರ ಕಾಲದ ತೋಟದ ಬಾವಿಯ ನೀರಿನ ಪಾಳಿಗಾಗಿ ತಮ್ಮನೊಡನೆ ಮೂರು ವರ್ಷಗಳಿಂದ ನನಗೆ ಮಾತು ನಿಂತಿತ್ತು. ದಶಲಕ್ಷಣ ಪರ್ವವು ಮುಗಿದು ಕ್ಷಮಾವಣಿಯ ದಿನ ಬಂದಿತು. ಬಸದಿಯಲ್ಲಿ ಎಲ್ಲರಿಗೂ ಕೈಮುಗಿದು ಕ್ಷಮೆ ಬೇಡಿದೆನು. ಕಂಬದ ಬಳಿ ನಿಂತಿದ್ದ ತಮ್ಮನನ್ನು ಮಾತ್ರ ಕಾಣದವನಂತೆ ದಾಟಿಬಂದೆನು. ಮನೆಗೆ ಬಂದು ವಹಿಯನ್ನು ತೆರೆದು ಕುಳಿತಾಗ ನನ್ನ ಪತ್ನಿಯು, “ಹನ್ನೊಂದು ಮನೆಗಳಿಗೂ ಗುರುತು ಹಾಕಿದಿರಿ. ನಿಮ್ಮ ತಮ್ಮನ ಮನೆಗೆ ಯಾವ ಗುರುತು?” ಎಂದಳು.

ನನ್ನಲ್ಲಿ ಉತ್ತರವಿರಲಿಲ್ಲ. ದಶಧರ್ಮಗಳಲ್ಲಿ ಮೊದಲನೆಯದೇ ಉತ್ತಮ ಕ್ಷಮೆ. ನನ್ನ ಪಟ್ಟಿಯಲ್ಲಿ ಅದಕ್ಕೆ ಸ್ಥಾನವೇ ಇರಲಿಲ್ಲ. ಆ ಹನ್ನೊಂದೂ ನನಗೆ ಸುಲಭವಾದವು. ಕಠಿಣವಾದ ಒಂದನ್ನು ದೂರವಿಡಲು ಅವುಗಳನ್ನೇ ಬೇಲಿಯಾಗಿ ಕಟ್ಟಿಕೊಂಡಿದ್ದೆನು. ಒಂದೊಂದು ಅಂಕದ ಪ್ರಶ್ನೆಗಳಿಗೆ ದುಂಡಾದ ಅಕ್ಷರಗಳಲ್ಲಿ ಉತ್ತರ ಬರೆದು, ದೊಡ್ಡ ಪ್ರಶ್ನೆಯ ಸರದಿ ಬಂದಾಗ ವೇಳೆಯಾಯಿತೆನ್ನುವ ಹುಡುಗರನ್ನು ಎಷ್ಟೋ ಸಲ ಗದರಿಸಿದ್ದೆನು. ಆ ಹುಡುಗ ನಾನೇ ಆಗಿದ್ದೆನು.

ಚಿಕ್ಕ ನಿಯಮಗಳೇ ದೊಡ್ಡ ವ್ರತಕ್ಕೆ ಮೆಟ್ಟಿಲುಗಳಲ್ಲವೇ ಎಂದು ಕೆಲವರು ಕೇಳಬಹುದು. ನಿಜ, ಹತ್ತುವವನಿಗೆ ಅವು ಮೆಟ್ಟಿಲುಗಳು. ಮೊದಲ ಮೆಟ್ಟಿಲಿನ ಮೇಲೆಯೇ ಕುಳಿತು ಅದನ್ನು ಅಲಂಕರಿಸುವವನಿಗೆ ಅವು ಆಸನಗಳಾಗುತ್ತವೆ.

ಹಾಗಾದರೆ ಮುಖ್ಯವಾದುದನ್ನು ಆರಿಸುವ ಬಗೆ ಹೇಗೆ? ಲೌಕಿಕನು ‘ಯಾವುದರಿಂದ ಹೆಚ್ಚು ಫಲ?’ ಎಂದು ಕೇಳುವನು. ವ್ಯಾಪಾರಕ್ಕೆ ಆ ಪ್ರಶ್ನೆ ಸಾಕು. ವ್ರತಿಕನಿಗೆ ಅದು ಸಾಲದು. ಶಲ್ಯರಹಿತನಾದವನೇ ವ್ರತಿಯೆಂದು ತತ್ತ್ವಾರ್ಥಸೂತ್ರದ 7ನೆಯ ಅಧ್ಯಾಯವು ಸಾರುತ್ತದೆ. ಮಾಯಾ, ಮಿಥ್ಯಾ, ನಿದಾನ ಎಂದು ಶಲ್ಯಗಳು ಮೂರು. ಮುಂದಿನ ಭೋಗಫಲವನ್ನು ಬಯಸಿ ಈಗ ಬಿಡುವುದು ನಿದಾನ. ಆದುದರಿಂದ ಫಲದ ಲೆಕ್ಕವೇ ಇಲ್ಲಿ ಮುಳ್ಳಾಗಬಲ್ಲದು. ಕಾಲಿಗೆ ಮುಳ್ಳು ಚುಚ್ಚಿದವನು ಕಾಲನ್ನು ಎಷ್ಟು ಸಲ ತೊಳೆದರೇನು, ಎಣ್ಣೆ ಹಚ್ಚಿದರೇನು? ಮುಳ್ಳನ್ನು ಕೀಳಬೇಕು. ಎಲ್ಲಿ ಮುಟ್ಟಿದರೆ ನೋಯುವುದೋ ಮುಳ್ಳು ಇರುವುದು ಅಲ್ಲಿಯೇ.

ಮುಂದಿನ ಅಷ್ಟಮಿಯಂದು ತಮ್ಮನ ಮನೆಗೆ ಹೋದೆನು. ನೀರಿನ ಪಾಳಿಯ ತಕರಾರು ಅಂದೇ ತೀರಲಿಲ್ಲ. ಇಂದಿಗೂ ಅಲ್ಪಸ್ವಲ್ಪ ಉಳಿದಿದೆ. ಆದರೆ ಬಾಗಿಲಲ್ಲಿ ನನ್ನನ್ನು ಕಂಡೊಡನೆ ಅವನು, “ನೆರಳಿಗೆ ಬನ್ನಿ ಅಣ್ಣಾ, ಇಂದು ನಿಮಗೆ ಉಪವಾಸವಲ್ಲವೇ?” ಎಂದನು. ಮಾತಿಲ್ಲದ ಮೂರು ವರ್ಷಗಳಲ್ಲಿಯೂ ಅವನು ನನ್ನ ಪರ್ವದಿನಗಳನ್ನು ಮರೆತಿರಲಿಲ್ಲ.

ಪರಿಮಿತ ಕಾಲಕ್ಕೆ ಹಿಡಿದುದು ನಿಯಮ, ಯಾವಜ್ಜೀವ ಹಿಡಿದುದು ಯಮ ಎಂದು ಶಾಸ್ತ್ರವು ವಿಭಾಗಿಸುತ್ತದೆ. ಈ ಚಾತುರ್ಮಾಸದಲ್ಲಿ ಶ್ರಾವಕ ಶ್ರಾವಿಕೆಯರು ನಿಯಮಗಳ ಪಟ್ಟಿಯನ್ನು ಬರೆಯುವ ಮೊದಲು ಒಂದು ಗಳಿಗೆ ಸಾಮಾಯಿಕದಲ್ಲಿ ಕುಳಿತು, ‘ನಾನು ಬರೆಯಲು ಹಿಂಜರಿಯುತ್ತಿರುವುದು ಯಾವುದು?’ ಎಂದು ತಮ್ಮನ್ನೇ ಕೇಳಿಕೊಳ್ಳಲಿ. ಅದನ್ನು ಮೊದಲ ಸಾಲಿನಲ್ಲಿ ಬರೆಯಲಿ. ಕಾಯಿಪಲ್ಯ, ಬೆಲ್ಲ, ಏಕಭುಕ್ತಗಳು ಅದರ ಕೆಳಗೆ ಶಕ್ತ್ಯನುಸಾರ ಬರಲಿ. ನನ್ನ ವಹಿಯಲ್ಲಿ ಈಗ ಮೂರೇ ಮನೆಗಳಿವೆ. ಮೊದಲನೆಯದಕ್ಕೆ ಗುರುತು ಹಾಕುವಾಗ ಕೈ ಇನ್ನೂ ಅಳುಕುತ್ತದೆ.