ಹುಟ್ಟುಗುಣವೆಂಬ ತೀರ್ಪು

ನಮ್ಮ ಗಾದೆಗಳನ್ನೇ ನಂಬಿ ಮಕ್ಕಳನ್ನು ಬೆಳೆಸಲು ಹೊರಟರೆ ದಿಕ್ಕು ತಪ್ಪುವುದು ಖಂಡಿತ. ‘ಹುಟ್ಟುಗುಣ ಸುಟ್ಟರೂ ಹೋಗದು’ ಎನ್ನುತ್ತದೆ ಒಂದು ಗಾದೆ; ‘ಸಹವಾಸದಿಂದ ಸನ್ಯಾಸಿ ಕೆಟ್ಟ’ ಎನ್ನುತ್ತದೆ ಇನ್ನೊಂದು. ಮೊದಲನೆಯದು ನಿಜವಾದರೆ ಸನ್ಯಾಸಿ ಕೆಡಬೇಕಾಗಿರಲಿಲ್ಲ. ಎರಡನೆಯದು ನಿಜವಾದರೆ ಹುಟ್ಟುಗುಣಕ್ಕೆ ಬೆಲೆಯಿಲ್ಲ. ಆದರೂ ನಾವು ಎರಡನ್ನೂ ಅನುಕೂಲಕ್ಕೆ ತಕ್ಕಂತೆ ಬಳಸುತ್ತೇವೆ. ನಮ್ಮ ಮಗ ಕೆಟ್ಟರೆ ಸಹವಾಸ, ಪರರ ಮಗ ಕೆಟ್ಟರೆ ಹುಟ್ಟುಗುಣ!

ಪಾಠ ಹೇಳುವವರು ಈ ಪ್ರಶ್ನೆಯಿಂದ ತಪ್ಪಿಸಿಕೊಳ್ಳುವಂತಿಲ್ಲ. ನಾನು ಬಿ.ಎಡ್. ಓದುವಾಗ ‘ಅನುವಂಶೀಯತೆ ಮತ್ತು ಪರಿಸರ’ ಎಂಬ ಅಧ್ಯಾಯವಿತ್ತು. ಅದರಲ್ಲಿ ಅಮೆರಿಕದ ಕಲ್ಲಿಕಾಕ್ ಮನೆತನದ ಕಥೆಯನ್ನು ನಾವೆಲ್ಲ ಬಾಯಿಪಾಠ ಮಾಡಿದ್ದೆವು. ಗಾಡರ್ಡ್ ಎಂಬ ಮನಶ್ಶಾಸ್ತ್ರಜ್ಞ 1912ರಲ್ಲಿ ಪ್ರಕಟಿಸಿದ ಪುಸ್ತಕ ಅದು. ಒಬ್ಬ ಸೈನಿಕನಿಗೆ ಹೆಂಡದಂಗಡಿಯ ಹುಡುಗಿಯೊಬ್ಬಳಿಂದ ಹುಟ್ಟಿದ ಸಂತತಿಯಲ್ಲಿ ತಲೆತಲಾಂತರಕ್ಕೂ ಮಂದಮತಿಗಳು, ಕುಡುಕರು. ಆತನೇ ಮುಂದೆ ಮದುವೆಯಾದ ಸಭ್ಯ ಮನೆತನದ ಹೆಂಡತಿಯ ಸಂತತಿಯಲ್ಲಿ ವೈದ್ಯರು, ವಕೀಲರು. ಆದ್ದರಿಂದ ಎಲ್ಲವೂ ರಕ್ತದ ಗುಣ ಎಂಬುದು ತೀರ್ಮಾನ. ಒಂದು ಕವಲು ಬಡತನದ ಗುಡಿಸಲಲ್ಲಿ, ಇನ್ನೊಂದು ಅನುಕೂಲಸ್ಥರ ಮನೆಯಲ್ಲಿ ಬೆಳೆಯಿತೆಂಬ ಸಂಗತಿಗೆ ಅಲ್ಲಿ ಲೆಕ್ಕವೇ ಇರಲಿಲ್ಲ. ಮನೆಮನೆಗೆ ಹೋದ ಕಾರ್ಯಕರ್ತರು ಮುಖ ನೋಡಿ, ನೆರೆಯವರ ಮಾತು ಕೇಳಿ, ಎಂದೋ ಸತ್ತವರಿಗೂ ‘ಮಂದಮತಿ’ ಎಂದು ಹಣೆಪಟ್ಟಿ ಹಚ್ಚಿದ್ದರು. ವಿದ್ವಾಂಸರು ಇದನ್ನು ತಳ್ಳಿಹಾಕಿ ಎಷ್ಟೋ ಕಾಲವಾದ ಮೇಲೂ ಆ ಕಥೆ ಪಠ್ಯಗಳಲ್ಲಿ ಉಳಿದೇ ಇತ್ತು.

ಇಂಥ ನಂಬಿಕೆ ಪುಸ್ತಕದಲ್ಲಷ್ಟೇ ಇದ್ದಿದ್ದರೆ ಚಿಂತೆಯಿರಲಿಲ್ಲ. ನಮ್ಮ ದೇಶದಲ್ಲಿ ಅದು ಕಾನೂನೇ ಆಗಿತ್ತು. 1871ರಲ್ಲಿ ಬ್ರಿಟಿಷ್ ಸರ್ಕಾರ ತಂದ ಅಪರಾಧಿ ಬುಡಕಟ್ಟುಗಳ ಕಾಯಿದೆಯಡಿ ಇಡೀ ಸಮುದಾಯಗಳನ್ನೇ ಹುಟ್ಟು ಅಪರಾಧಿಗಳೆಂದು ಪಟ್ಟಿ ಮಾಡಲಾಯಿತು. ಕಳ್ಳತನ ಮಾಡದವನೂ ಆ ಕುಲದಲ್ಲಿ ಹುಟ್ಟಿದ ತಪ್ಪಿಗೆ ಪೊಲೀಸರ ಕಣ್ಗಾವಲಿನಲ್ಲಿ ಬದುಕಬೇಕಿತ್ತು. ಹುಬ್ಬಳ್ಳಿಯಲ್ಲಿ ಇಂಥವರನ್ನು ಇರಿಸಿದ್ದ ಜಾಗಕ್ಕೆ ಇಂದಿಗೂ ‘ಸೆಟ್ಲ್‌ಮೆಂಟ್’ ಎಂದೇ ಹೆಸರು. 1897ರ ತಿದ್ದುಪಡಿಯಂತೂ ಮಕ್ಕಳನ್ನು ತಂದೆತಾಯಿಯರಿಂದ ಬೇರ್ಪಡಿಸಿ ‘ಸುಧಾರಿಸಲು’ ಅವಕಾಶ ಕೊಟ್ಟಿತು. ಅಪರಾಧ ರಕ್ತದಲ್ಲೇ ಇದ್ದರೆ ಮಗುವನ್ನು ಬೇರೆ ಕಡೆ ಇಟ್ಟು ಪ್ರಯೋಜನವೇನು? ಅಂದರೆ ಕಾಯಿದೆ ಮಾಡಿದವರಿಗೂ ತಮ್ಮ ಮಾತಿನ ಮೇಲೆ ನಂಬಿಕೆ ಇರಲಿಲ್ಲವೆಂದಾಯಿತು. 1952ರಲ್ಲಿ ಆ ಕಾಯಿದೆ ರದ್ದಾಯಿತು. ಆದರೆ ಊರಿನಲ್ಲಿ ಕಳವಾದಾಗ ಮೊದಲು ಅದೇ ಕೇರಿಯತ್ತ ನೋಡುವ ಕಣ್ಣುಗಳನ್ನು ರದ್ದು ಮಾಡುವ ಕಾಯಿದೆ ಎಲ್ಲಿದೆ?

ಹಾಗೆಂದು ಅನುವಂಶೀಯತೆ ಸುಳ್ಳೆಂದು ಯಾರೂ ಹೇಳಲಾರರು. ಎತ್ತರ, ಬಣ್ಣ, ಕೆಲವು ಕಾಯಿಲೆಗಳು, ಒಂದು ಮಟ್ಟಿಗೆ ಸ್ವಭಾವವೂ ಹಿರಿಯರಿಂದ ಬರುತ್ತವೆ. ಪ್ರಶ್ನೆ ಇರುವುದು, ಬಂದದ್ದೆಲ್ಲ ಬದಲಾಗದೆ ಇರಲೇಬೇಕೇ ಎಂಬಲ್ಲಿ. ಫಿನೈಲ್‌ಕೀಟೋನ್ಯೂರಿಯಾ ಎಂಬ ಒಂದು ರೋಗವಿದೆ. ತಂದೆ ತಾಯಿ ಇಬ್ಬರಿಂದಲೂ ದೋಷವುಳ್ಳ ವಂಶವಾಹಿ ಬಂದ ಮಗುವಿಗೆ ಆಹಾರದ ಪ್ರೋಟೀನಿನಲ್ಲಿರುವ ಒಂದು ಅಂಶವನ್ನು ಅರಗಿಸಿಕೊಳ್ಳಲಾಗದೆ, ಅದು ಮೈಯಲ್ಲಿ ಸೇರಿಕೊಂಡು ಮೆದುಳನ್ನು ಕೆಡಿಸುತ್ತದೆ. 1934ರಲ್ಲಿ ನಾರ್ವೆಯ ವೈದ್ಯ ಫೋಲಿಂಗ್ ಇದನ್ನು ಗುರುತಿಸಿದರು. 1950ರ ದಶಕದಲ್ಲಿ ಅದಕ್ಕೆ ಪಥ್ಯ ಗೊತ್ತಾಯಿತು. ಹುಟ್ಟಿದ ಕೆಲದಿನಗಳಲ್ಲೇ ಹಿಮ್ಮಡಿಯಿಂದ ತೆಗೆದ ರಕ್ತದ ಹನಿಯಲ್ಲಿ ರೋಗ ಪತ್ತೆಮಾಡಿ, ಪಥ್ಯದ ಆಹಾರ ಕೊಟ್ಟರೆ ಆ ಮಗು ಎಲ್ಲರಂತೆ ಓದುತ್ತದೆ, ಆಡುತ್ತದೆ. ವಂಶವಾಹಿ ಮಾತ್ರ ಹಾಗೆಯೇ ಇರುತ್ತದೆ. ಬದಲಾಗುವುದು ಊಟದ ತಟ್ಟೆ.

ಇಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಐದನೆಯ ತರಗತಿಯಲ್ಲಿ ನನ್ನ ಬಳಿ ಓದುತ್ತಿದ್ದ ಒಬ್ಬ ಹುಡುಗಿ ಬಾಯಿಲೆಕ್ಕದಲ್ಲಿ ಚುರುಕು, ಬೋರ್ಡಿನಿಂದ ಬರೆದುಕೊಂಡದ್ದೆಲ್ಲ ತಪ್ಪು. ಅವಳ ಅಜ್ಜಿ, “ಇವಳ ತಲೆಗೆ ಓದು ಹತ್ತಲ್ಲ ಮೇಡಂ, ಇವಳಮ್ಮನೂ ಹಿಂಗೇ ಇದ್ಲು, ನಾಲ್ಕಕ್ಕೇ ಬಿಡಿಸಿದ್ವಿ” ಎಂದರು. ಶಾಲೆಯಲ್ಲಿ ಕಣ್ಣಿನ ತಪಾಸಣೆ ನಡೆದಾಗ ಹುಡುಗಿಗೆ ದೂರದೃಷ್ಟಿ ತೀರ ಕಡಿಮೆಯೆಂದು ತಿಳಿಯಿತು. ತಾಯಿಯನ್ನೂ ಪರೀಕ್ಷಿಸಿದರೆ ಅದೇ ದೋಷ. ಕನ್ನಡಕ ತರಲು ಬಂದ ಆ ತಾಯಿ ಮೆಲ್ಲಗೆ ಹೇಳಿದರು: “ಬೋರ್ಡು ಅಂದ್ರೆ ಎಲ್ಲರಿಗೂ ಹಂಗೇ ಮಂಜು ಮಂಜು ಕಾಣುತ್ತೆ ಅಂದ್ಕೊಂಡಿದ್ದೆ ಮೇಡಂ.”

ಅಜ್ಜಿಯ ಮಾತು ಅರ್ಧ ನಿಜವಾಗಿತ್ತು. ತಾಯಿಯಿಂದ ಮಗಳಿಗೆ ಏನೋ ಬಂದಿತ್ತು, ಆದರೆ ಅದು ದಡ್ಡತನವಲ್ಲ, ಕಣ್ಣು. ಮಗಳಿಗೆ ಕನ್ನಡಕ ಸಿಕ್ಕಿತು, ತಾಯಿಗೆ ಆಗ ಸಿಗಲಿಲ್ಲ. ಈ ಎರಡು ಬದುಕುಗಳ ನಡುವಿನ ಅಂತರದಲ್ಲಿ ಅನುವಂಶೀಯತೆ ಎಷ್ಟು ಪಾಲು, ಪರಿಸರ ಎಷ್ಟು ಪಾಲು ಎಂದು ಕೇಳುವುದು, ಹೊಲದ ವಿಸ್ತೀರ್ಣಕ್ಕೆ ಉದ್ದ ಎಷ್ಟು ಕಾರಣ, ಅಗಲ ಎಷ್ಟು ಕಾರಣ ಎಂದು ಕೇಳಿದಂತೆ. ಎರಡೂ ಗುಣಿಸಿಕೊಂಡೇ ಹೊಲವಾಗುತ್ತದೆ.

ಇದರ ಇನ್ನೊಂದು ಬದಿಯನ್ನೂ ಮರೆಯಬಾರದು. ಈಚೆಗೆ ‘ರಕ್ತ’ ಎನ್ನಲು ನಾಚುವವರು ‘ಮನೆಯ ವಾತಾವರಣ ಸರಿಯಿಲ್ಲ’ ಎನ್ನುತ್ತಾರೆ. ಕೇಳಲು ಸಭ್ಯವಾದರೂ ಇದೂ ಅಂಥದೇ ತೀರ್ಪು. ಕುಡುಕ ತಂದೆಯ ಮನೆಯಲ್ಲೇ ಬೆಳೆದ ಅಣ್ಣ ತಮ್ಮಂದಿರಲ್ಲಿ ಒಬ್ಬ ಬಾಟಲಿ ಹಿಡಿದರೆ, ಇನ್ನೊಬ್ಬ ಅದನ್ನು ಕಂಡೇ ಜೀವಮಾನವಿಡೀ ಅದರ ಹತ್ತಿರ ಸುಳಿಯದಿರುವುದನ್ನು ನಾವು ನೋಡಿಲ್ಲವೇ? ಮಗುವೂ ತನ್ನ ಪಾಲಿನದನ್ನು ಸೇರಿಸುತ್ತದೆ. ಆ ಪಾಲು ಯಾವ ಸೂತ್ರಕ್ಕೂ ಸಿಗುವುದಿಲ್ಲ.

ಮಗುವಿಗೆ ಯಾವ ವಂಶವಾಹಿ ಬರಬೇಕೆಂದು ಆರಿಸುವ ಅಧಿಕಾರ ನಮಗಿಲ್ಲ. ತರಗತಿಯ ಬೆಳಕು, ಮಧ್ಯಾಹ್ನದ ಊಟ, ನಾವಾಡುವ ಮಾತು ಇವಿಷ್ಟು ನಮ್ಮ ಕೈಯಲ್ಲಿವೆ. ಕೈಯಲ್ಲಿಲ್ಲದ್ದನ್ನು ಮುಂದೆ ಮಾಡಿ ಕೈಯಲ್ಲಿರುವುದನ್ನು ಬಿಟ್ಟುಬಿಡುವುದು ಸುಲಭ. ಹುಟ್ಟುಗುಣವೆಂಬ ಮಾತಿಗೆ ಇಷ್ಟೊಂದು ಆಯುಷ್ಯವಿರುವುದು ಬಹುಶಃ ಅದಕ್ಕೇ. ಇನ್ನು ಮುಂದೆ ಯಾರಾದರೂ ‘ಅವನಪ್ಪನೂ ಹೀಗೇ ಇದ್ದ’ ಎಂದರೆ, ಆ ಅಪ್ಪನ ಕಣ್ಣು, ಕಿವಿ, ಹೊಟ್ಟೆಗಳನ್ನು ಆಗ ಯಾರಾದರೂ ವಿಚಾರಿಸಿದ್ದರೇ ಎಂದು ಒಮ್ಮೆ ಕೇಳಿ ನೋಡಿ.