ಅಲಾಭ ಪರೀಷಹವೂ ಪರೀಕ್ಷೆಯ ಫಲಿತಾಂಶವೂ

ಮುನಿಗಳು ಸಹಿಸಬೇಕಾದ ಪರೀಷಹಗಳು 22 ಎಂದು ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಎಣಿಸಿದ್ದಾರೆ. ಹಸಿವು, ನೀರಡಿಕೆ, ಶೀತ, ಉಷ್ಣಗಳಿಂದ ಆರಂಭವಾಗುವ ಈ ಹೆಸರುಗಳನ್ನು ಪಾಠಶಾಲೆಯ ಮಕ್ಕಳು ಬಾಯಿಪಾಠ ಮಾಡಿ ಒಪ್ಪಿಸುವರು. ಒಪ್ಪಿಸುವಾಗ ಮೊದಲಿನವು ಸ್ಪಷ್ಟವಾಗಿ ಬರುವುವು. ಕಡೆಯವು ಅವಸರದಲ್ಲಿ ನುಂಗಿಹೋಗುವುವು. ಹಾಗೆ ನುಂಗಿಹೋಗುವ ಭಾಗದಲ್ಲಿಯೇ ಅಲಾಭ, ಸತ್ಕಾರಪುರಸ್ಕಾರ, ಪ್ರಜ್ಞೆ, ಅಜ್ಞಾನ ಎಂಬ ನಾಲ್ಕು ಇವೆ. ಇವು ವನವಾಸಿಗಳಾದ ಮುನಿಗಳಿಗೆ ಸಂಬಂಧಿಸಿದವು, ಗೃಹಸ್ಥರಿಗೆ ಇವುಗಳಿಂದ ಏನಾಗಬೇಕು ಎಂದು ಶ್ರಾವಕನು ಭಾವಿಸುವುದು ಸಹಜ. ಆದರೆ ಪ್ರತಿವರ್ಷ ಎಸ್.ಎಸ್.ಎಲ್.ಸಿ. ಫಲಿತಾಂಶ ಹೊರಬಿದ್ದ ದಿನ ಈ ನಾಲ್ಕೂ ಒಟ್ಟಾಗಿ ಶ್ರಾವಕರ ಹೊಸ್ತಿಲೊಳಗೆ ಕಾಲಿಡುತ್ತವೆ.

ವಿಜಯಪುರ ಸೀಮೆಯು 1956ರವರೆಗೆ ಮುಂಬಯಿ ರಾಜ್ಯಕ್ಕೆ ಸೇರಿತ್ತು. ಅಂದಿನ ಹಿರಿಯರಿಗೆ ಮುಲ್ಕಿ ಪರೀಕ್ಷೆಯೇ ದೊಡ್ಡ ಘಟ್ಟ. ಮ್ಯಾಟ್ರಿಕ್ ಮುಟ್ಟಿದವರು ಊರಿಗೆ ನಾಲ್ಕಾರು ಮಂದಿ. ಮುಂದೆ ಬಹುಕಾಲ ಫಲಿತಾಂಶವು ಪತ್ರಿಕೆಯಲ್ಲಿ ಬರಿಯ ನಂಬರುಗಳಾಗಿ ಬರುತ್ತಿತ್ತು. ಪತ್ರಿಕೆ ಬರುವ ಬಸ್ಸಿಗಾಗಿ ಹಳ್ಳಿಯ ಹುಡುಗರು ಕಾಯುವರು. ನಂಬರು ಇದ್ದವನು ಓಡುತ್ತ ಮನೆಗೆ ಬರುವನು, ಇಲ್ಲದವನು ಹೊಲದ ದಾರಿ ಹಿಡಿಯುವನು. ಅಂಕಗಳು ತಿಳಿಯಲು ಇನ್ನೂ ಕೆಲವು ದಿನ ಬೇಕು. ಆ ದಿನಗಳಲ್ಲಿ ಸಿಟ್ಟು ಅರ್ಧ ಇಳಿದಿರುತ್ತಿತ್ತು. ಇಂದು ಮೊಬೈಲಿನಲ್ಲಿ ನಿಮಿಷದೊಳಗೆ ಆರು ವಿಷಯಗಳ ಅಂಕಗಳೂ ತೆರೆದುಕೊಳ್ಳುತ್ತವೆ, ಮತ್ತು ತಂದೆ ನೋಡುವ ಮೊದಲೇ ಬೀಗರು ನೋಡಿರುತ್ತಾರೆ. ನಡುವೆ ಉಸಿರಾಡಲು ಇದ್ದ ಸಮಯ ಹೋಯಿತು.

ತಿಕೋಟಾದ ಒಂದು ಅವಿಭಕ್ತ ಕುಟುಂಬವನ್ನು ಕಲ್ಪಿಸಿಕೊಂಡರೆ ವಿಷಯ ತಿಳಿಯಾದೀತು. ದ್ರಾಕ್ಷಿ ತೋಟ, ಒಣದ್ರಾಕ್ಷಿಯ ಶೆಡ್ಡು, ಒಂದೇ ಅಡಿಗೆಮನೆ. ಅಣ್ಣನ ಮಗಳು, ತಮ್ಮನ ಮಗ ಇಬ್ಬರೂ 2025ರಲ್ಲಿ ಹತ್ತನೆಯ ತರಗತಿ. ಮೇ 2ರಂದು ಫಲಿತಾಂಶ ಬಂತು. ಹುಡುಗಿಗೆ 625ಕ್ಕೆ 604. ಹುಡುಗ ಗಣಿತ, ವಿಜ್ಞಾನಗಳಲ್ಲಿ ಅನುತ್ತೀರ್ಣ. ಒಂದೇ ಪಡಸಾಲೆಯ ಒಂದು ಮೂಲೆಗೆ ಪೇಢೆ ಬಂದವು, ಇನ್ನೊಂದು ಮೂಲೆಯಲ್ಲಿ ಹುಡುಗ ಗೋಡೆಗೆ ಮುಖ ಮಾಡಿ ಮಲಗಿದ. ಅವನ ತಾಯಿ ಮಗನ ಪಾಸಿಗಾಗಿ ವರ್ಷದ ಎಲ್ಲ ಚತುರ್ದಶಿಗಳಿಗೆ ಏಕಾಶನ ಹಿಡಿದವಳು. ಫಾಲ್ಗುಣದ ಅಷ್ಟಾಹ್ನಿಕದಲ್ಲಿ ಬಸದಿಯಲ್ಲಿ ಸಂಕಲ್ಪ ಮಾಡಿದ್ದಳು. ಸಂಜೆಗೆ ಅವಳು ಅತ್ತೆಯನ್ನು ಕೇಳಿದಳು: "ಅತ್ತಿ, ಇನ್ನ ಈ ನೇಮ ನಡಸೂದರಾಗ ಏನೈತಿ? ದೇವರು ಕೈ ಬಿಟ್ಟ ಮ್ಯಾಲೆ?"

ಇದು ಸಾಧಾರಣ ಪ್ರಶ್ನೆಯಲ್ಲ. ಫಲವನ್ನು ಬಯಸಿ ಹಿಡಿದ ವ್ರತವು ವ್ರತವೇ? ಫಲ ದೊರೆಯದಾಗ ಅದನ್ನು ಬಿಟ್ಟರೆ ದೋಷವೇ?

ವ್ರತಿಯಾದವನು ಶಲ್ಯರಹಿತನಾಗಿರಬೇಕೆಂದು ಸೂತ್ರಕಾರರ ಅಪ್ಪಣೆ. ಶಲ್ಯವೆಂದರೆ ಒಳಗೆ ಮುರಿದುಳಿದ ಮುಳ್ಳು. ಮೇಲೆ ಗಾಯ ಮಾಯ್ದಂತೆ ಕಂಡರೂ ಕಾಲೂರಿದಾಗಲೆಲ್ಲ ಚುಚ್ಚುವುದು. ಮಾಯೆ, ಮಿಥ್ಯಾತ್ವ, ನಿದಾನ ಎಂದು ಅದು ಮೂರು ಬಗೆ. 'ಈ ಉಪವಾಸದಿಂದ ನನಗೆ ಇಂಥ ಫಲವಾಗಲಿ' ಎಂಬ ಮುಂದಿನ ಭೋಗದ ಬೇಡಿಕೆಯೇ ನಿದಾನ. ತಾಯಿಯು ತನಗಾಗಿ ಏನೂ ಬೇಡಲಿಲ್ಲ, ಮಗನಿಗಾಗಿ ಬೇಡಿದಳು. ಇದು ನಿದಾನ ಹೇಗಾದೀತು ಎಂದು ವಾದಿಸಬಹುದು. ಮಗನೆಂಬ ಮೋಹವೂ ತನ್ನದೇ ಅಲ್ಲವೇ? ಆದರೂ ತಾಯಂದಿರನ್ನು ಈ ವಿಷಯದಲ್ಲಿ ಕಟುವಾಗಿ ಖಂಡಿಸುವ ಪ್ರವಚನಕಾರರು ಸ್ವಲ್ಪ ತಾಳ್ಮೆಯಿಂದಿರುವುದು ಒಳ್ಳೆಯದು. ಆ ಸಂಕಲ್ಪದಲ್ಲಿ ಮುಳ್ಳು ಇದೆ ಎಂಬುದು ನಿಜ; ಆದರೆ ಆಕೆ ಬಿಟ್ಟ ಊಟವೂ ನಿಜ, ಆ ದಿನ ಆಕೆ ಮಾಡಿದ ಜಪವೂ ನಿಜ. ಮುಳ್ಳನ್ನು ಕೀಳಬೇಕೇ ಹೊರತು ಕಾಲನ್ನು ಕತ್ತರಿಸಬಾರದು.

ಹಾಗಾದರೆ ಆಕೆಗೆ ಉತ್ತರವೇನು? ಜಿನಬಿಂಬದ ಮುಂದೆ ಮಾಡಿದ ಸಂಕಲ್ಪವು ವ್ಯಾಪಾರದ ಕರಾರಲ್ಲ. ಕರಾರಿನಲ್ಲಿ ಎರಡು ಪಕ್ಷಗಳಿರಬೇಕು. ವೀತರಾಗನು ಪಕ್ಷಗಾರನಾಗಿ ಬಂದು ಕುಳಿತುಕೊಳ್ಳುವವನಲ್ಲ. ಆತನು ಕೊಡುತ್ತೇನೆಂದು ಹೇಳಲಿಲ್ಲ, ಆದುದರಿಂದ ಕೈಬಿಟ್ಟನೆಂಬ ಮಾತೂ ನಿಲ್ಲದು. ವಿಜಯಪುರದ ಸಹಸ್ರಫಣಿ ಪಾರ್ಶ್ವನಾಥನ ಮುಂದೆಯೂ ಬಾಬಾನಗರದ ಕ್ಷೇತ್ರದಲ್ಲಿಯೂ ಫಲಿತಾಂಶದ ದಿನಗಳಲ್ಲಿ ಕೈಮುಗಿದು ನಿಲ್ಲುವವರು ಇದನ್ನು ನೆನೆಯಬೇಕು. ಕಮಠನು ಉಪಸರ್ಗ ಮಾಡಿದಾಗಲೂ ಧರಣೇಂದ್ರನು ಹೆಡೆಯೆತ್ತಿದಾಗಲೂ ಸಮನಾಗಿದ್ದವನ ಮುಂದೆ ಅಂಕಪಟ್ಟಿಯನ್ನು ಹಿಡಿದು ಏನನ್ನು ಬೇಡುವುದು? ಆತನ ಆ ಸಮಭಾವದಲ್ಲಿ ಒಂದಿಷ್ಟನ್ನು ಬೇಡಬಹುದು. ಆಕೆಯು ಹಿಡಿದ ಏಕಾಶನವನ್ನು ಬಿಡಬೇಕಾಗಿಲ್ಲ. ಬೇಡಿಕೆಯನ್ನು ಬಿಟ್ಟು, ದೋಷಕ್ಕೆ ಆಲೋಚನೆ ಮಾಡಿ, ಗುರುಗಳ ಬಳಿ ಪ್ರಾಯಶ್ಚಿತ್ತ ಕೇಳಿ ಮುಂದುವರಿಸಬೇಕು. ಬೇಡಿಕೆ ಕಳಚಿಹೋದ ಮೇಲೆ ಉಳಿಯುವ ಚತುರ್ದಶಿಗಳೇ, ನೋಡಿದರೆ, ಆಕೆಯ ಮೊದಲ ಶುದ್ಧ ವ್ರತದಿನಗಳು.

ಅತ್ತ ಹುಡುಗ ಎರಡು ಹೊತ್ತು ಉಣ್ಣಲಿಲ್ಲ. ಮನೆಯ ಹಿರಿಯರಲ್ಲಿ ಯಾರೋ "ಇರಲಿ ಬಿಡ್ರಿ, ಒಂದ ಉಪವಾಸ ಆದಂಗಾತು" ಎಂದರು. ಹಾಸ್ಯಕ್ಕೆ ಆಡಿದ ಮಾತಾದರೂ ಇದು ತಪ್ಪು, ಅಪಾಯಕರವೂ ಹೌದು. ಕಷಾಯ, ವಿಷಯ, ಆಹಾರ ಮೂರನ್ನೂ ಬಿಟ್ಟರೆ ಉಪವಾಸ. ಆಹಾರವೊಂದನ್ನೇ ಬಿಟ್ಟರೆ ಅದು ಲಂಘನವೆಂದು ಪೂರ್ವಾಚಾರ್ಯರು ಬೇರ್ಪಡಿಸಿದ್ದಾರೆ. ಗೋಡೆಗೆ ಮುಖ ಮಾಡಿದ ಹುಡುಗನೊಳಗೆ ನಡೆಯುವುದು ಆರ್ತಧ್ಯಾನ. ಬಯಸಿದ್ದು ಬರಲಿಲ್ಲ, ಬಯಸದ್ದು ಬಂತು ಎಂಬ ಒಂದೇ ಎಳೆಯನ್ನು ಮನಸ್ಸು ತಿರುವುತ್ತಿರುತ್ತದೆ. ಇಂಥ ಹೊತ್ತಿನಲ್ಲಿ ಅವನನ್ನು ಒಬ್ಬನೇ ಬಿಡುವುದು ತರವಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಲೆಕ್ಕದಂತೆ 2022ರ ಒಂದೇ ವರ್ಷದಲ್ಲಿ ಈ ದೇಶದಲ್ಲಿ ಪ್ರಾಣ ಕಳೆದುಕೊಂಡ ವಿದ್ಯಾರ್ಥಿಗಳು 13,000ಕ್ಕೂ ಹೆಚ್ಚು. ಎಲ್ಲರೂ ಪರೀಕ್ಷೆಯ ಕಾರಣಕ್ಕಲ್ಲ, ಆದರೆ ಆ ಕಾರಣವೂ ಪಟ್ಟಿಯಲ್ಲಿದೆ. ಸಲ್ಲೇಖನವನ್ನು ಆತ್ಮಹತ್ಯೆಯೆಂದು ಹೊರಗಿನವರು ಆಕ್ಷೇಪಿಸಿದಾಗ ಸಮಾಜವು ಪೂಜ್ಯಪಾದರ ಸರ್ವಾರ್ಥಸಿದ್ಧಿಯನ್ನು ಮುಂದಿಟ್ಟು, ರಾಗದ್ವೇಷಗಳಿಂದ ತನ್ನನ್ನು ಕೊಂದುಕೊಳ್ಳುವುದು ಬೇರೆ, ಸಮಭಾವದಿಂದ ಶರೀರವನ್ನು ಬಿಡುವುದು ಬೇರೆ ಎಂದು ಉತ್ತರಿಸುತ್ತ ಬಂದಿದೆ. ಆ ಭೇದವನ್ನು ನ್ಯಾಯಾಲಯದಲ್ಲಿ ಹೇಳಿದರೆ ಸಾಲದು. ಊಟ ಬಿಟ್ಟು ಮಲಗಿದ ಹದಿನಾರರ ಹುಡುಗನ ಹಾಸಿಗೆಯ ಬಳಿಯೂ ಹೇಳಬೇಕು, ಅದೂ ಶಾಸ್ತ್ರದ ಮಾತಿನಲ್ಲಲ್ಲ, "ಏಳೋ ತಮ್ಮಾ, ರೊಟ್ಟಿ ಆರತಾವ" ಎಂಬ ಮಾತಿನಲ್ಲಿ. ಅದರಿಂದಲೂ ಮನಸ್ಸು ತಿಳಿಯಾಗದಿದ್ದರೆ ವೈದ್ಯರಿದ್ದಾರೆ; ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡುವುದರಲ್ಲಿ ನಾಚಿಕೆಯೇನೂ ಇಲ್ಲ.

ಇನ್ನು ಪೇಢೆ ಹಂಚಿದ ಮೂಲೆಯ ವಿಚಾರ. ಸೂತ್ರಕಾರರ ಸೂಕ್ಷ್ಮದೃಷ್ಟಿ ಇಲ್ಲಿ ಬೆರಗು ಹುಟ್ಟಿಸುವಂಥದು. ಅಲಾಭವು ಅಂತರಾಯ ಕರ್ಮದಿಂದ, ಸತ್ಕಾರಪುರಸ್ಕಾರವು ಚಾರಿತ್ರಮೋಹದಿಂದ ಎಂದು ಅವರು ಹೇಳುತ್ತಾರೆ. ಆದರೆ ಪ್ರಜ್ಞೆ ಮತ್ತು ಅಜ್ಞಾನ ಈ ಎರಡಕ್ಕೂ ಜ್ಞಾನಾವರಣವೆಂಬ ಒಂದೇ ಕರ್ಮವನ್ನು ಕಾರಣವಾಗಿ ಹೇಳುತ್ತಾರೆ. ಅಜ್ಞಾನಕ್ಕೆ ಆವರಣ ಕಾರಣವೆಂಬುದು ಸರಿ, ಪ್ರಜ್ಞೆಗೆ ಹೇಗೆ? ಬಲ್ಲೆನೆಂಬ ಗರ್ವವು ಪೂರ್ಣಜ್ಞಾನಿಗೆ ಇರಲಾರದು. ಸ್ವಲ್ಪ ತೆರೆದು ಬಹಳ ಮುಚ್ಚಿರುವಲ್ಲಿ ಮಾತ್ರ ಅದು ಹುಟ್ಟುತ್ತದೆ. 604 ಪಡೆದ ಹುಡುಗಿಯೂ ಅನುತ್ತೀರ್ಣನಾದ ಹುಡುಗನೂ ಒಂದೇ ಪರದೆಯ ಹಿಂದೆ ನಿಂತವರು. ಒಬ್ಬಳಿಗೆ ಕಿಂಡಿ ಸ್ವಲ್ಪ ದೊಡ್ಡದು. ಆಕೆಯ ಶ್ರಮವನ್ನು ಇದರಿಂದ ಕಡಿಮೆ ಮಾಡಿದಂತಾಗದು. ಶ್ರಮಕ್ಕೆ ಮೆಚ್ಚುಗೆ ಸಲ್ಲಬೇಕು. ಆದರೆ ಮೆಚ್ಚುಗೆಯನ್ನು ಹೊತ್ತು ನಡೆಯುವುದೂ ಒಂದು ಪರೀಷಹವೆಂಬ ಎಚ್ಚರವನ್ನು ಹೂಮಾಲೆಯೊಂದಿಗೇ ಕೊಡಬೇಕು. ಮುಖಪುಟದಲ್ಲಿ ಭಾವಚಿತ್ರ ಬಂದ ಮಗು ಪಿ.ಯು.ಸಿ.ಯಲ್ಲಿ ಕಂಗೆಡುವುದನ್ನು ಕಂಡ ಉಪಾಧ್ಯಾಯರು ಬಹಳ.

ಅದೇ ಗ್ರಂಥದ ಆರನೆಯ ಅಧ್ಯಾಯ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಜ್ಞಾನಾವರಣ ಕರ್ಮ ಬಂದು ಸೇರುವುದು ಯಾವುದರಿಂದ? ಜ್ಞಾನದ ವಿಷಯದಲ್ಲಿ ಮನಸ್ಸಿನ ಕಲುಷ, ತಿಳಿದುದನ್ನು ಬಚ್ಚಿಡುವುದು, ಮಾತ್ಸರ್ಯ, ಕಲಿಯುವವನಿಗೆ ಅಡ್ಡಿ, ಅನಾದರ, ದೂಷಣೆ. 'ನೀ ದಡ್ಡ, ನಿನ್ನ ಕೈಲೆ ಏನೂ ಆಗೂದಿಲ್ಲ' ಎಂದು ತಂದೆಯು ಮಗನಿಗೆ ಬಯ್ಯುವಾಗ ಮಗನ ಆವರಣ ಸಡಿಲವಾಗುವುದಿಲ್ಲ, ತಂದೆಯದು ಗಟ್ಟಿಯಾಗುತ್ತದೆ. ತನ್ನ ಟಿಪ್ಪಣಿಗಳನ್ನು ತಮ್ಮನಿಗೆ ತೋರಿಸದ ಜಾಣೆಯ ಪಾಲಿಗೂ ಇದೇ ಲೆಕ್ಕ. ಗೋಳಗುಮ್ಮಟದ ಮೊಗಸಾಲೆಯಲ್ಲಿ ಒಂದು ಕಡೆ ಪಿಸುಗುಟ್ಟಿದರೆ ಎದುರು ಬದಿಯವನ ಕಿವಿಗೆ ಬೀಳುತ್ತದೆ, ಕೂಗಿದರೆ ಮತ್ತೆ ಮತ್ತೆ ಮರುದನಿಸುತ್ತದೆ. ತಂದೆ ಒಮ್ಮೆ ಆಡಿ ಮರೆತ ಮಾತು ಹುಡುಗನೊಳಗೆ ಎಷ್ಟು ಸಲ ಮರುದನಿಸೀತೆಂದು ಎಣಿಸಿದವರಿಲ್ಲ.

ಮಾಯಾಶಲ್ಯದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಕಿಟಕಿಯಿಂದ ಚೀಟಿ ಒಳಗೆ ಹೋಗುವ ವಿದ್ಯೆ ನಾಡಿಗೆ ಹೊಸದಲ್ಲ. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಕಣ್ಗಾವಲು ಬಂದಾಗ, ಹಿಂದಿನ ವರ್ಷ ಶೇಕಡಾ 83.89 ಇದ್ದ ರಾಜ್ಯದ ಫಲಿತಾಂಶ 73.40ಕ್ಕೆ ಇಳಿಯಿತು, ಅದೂ ಆ ವರ್ಷ ಕೃಪಾಂಕವನ್ನು ಹೆಚ್ಚಿಸಿದ ಮೇಲೆ. ನಕಲು ಮಾಡಿದವನಿಗೆ ಕೃತದೋಷ, ಮಾಡಿಸಿದ ತಂದೆಗೆ ಕಾರಿತದೋಷ; 'ಎಲ್ಲಾರೂ ಮಾಡತಾರ' ಎಂದು ಕಟ್ಟೆಯ ಮೇಲೆ ಕುಳಿತು ತಲೆದೂಗಿದವರಿಗೂ ಅನುಮೋದನೆಯ ದೋಷ ತಪ್ಪದು. ಮಗನ ಪಾಸಿಗಾಗಿ ಏಕಾಶನವನ್ನೂ ಹಿಡಿದು ಚೀಟಿಯನ್ನೂ ಕಳಿಸುವ ಮನೆಯಿದ್ದರೆ ಅದರ ವ್ರತಕ್ಕೆ ಏನೆನ್ನಬೇಕು?

ಹಿಂದೆ ಬಿಜಾಪುರ ಜಿಲ್ಲೆಗೇ ಸೇರಿ, 1997ರಲ್ಲಿ ಪ್ರತ್ಯೇಕ ಜಿಲ್ಲೆಯಾದ ಬಾಗಲಕೋಟೆಯಿಂದ 2025ರ ಮೇ ತಿಂಗಳಿನಲ್ಲಿ ಒಂದು ಸುದ್ದಿ ಬಂತು. ಆರು ವಿಷಯಗಳಲ್ಲೂ ಅನುತ್ತೀರ್ಣನಾದ ಒಬ್ಬ ಹುಡುಗನಿಗೆ ತಂದೆತಾಯಿಗಳು ಬಯ್ಯದೆ, ಬಂಧುಗಳನ್ನು ಕೂಡಿಸಿ, ಕೇಕು ಕತ್ತರಿಸಿ ಧೈರ್ಯ ಹೇಳಿದರು. ನಾಡಿನ ಹೊರಗೂ ಅದು ಸುದ್ದಿಯಾಯಿತು. ಸೋಲನ್ನು ಹಬ್ಬ ಮಾಡುವುದೇ ಎಂದು ಕೆಲವರು ಮೂಗೆಳೆದರು. ಕೇಕಿನ ಬದಲು ಹೋಳಿಗೆ ಮಾಡಿದ್ದರೆ ಶ್ರಾವಕರಿಗೆ ಹೆಚ್ಚು ಒಪ್ಪುತ್ತಿತ್ತು, ಅದು ಬೇರೆ ಮಾತು. ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳಲ್ಲಿ ಆ ತಂದೆ ಅಂದು ಕೊಟ್ಟುದು ಅಭಯವನ್ನು. ಅಭಯವನ್ನು ಜಿಂಕೆಗೆ, ಇರುವೆಗೆ ಕೊಡುವುದನ್ನು ಬಲ್ಲ ಸಮಾಜಕ್ಕೆ ಮಗನಿಗೆ ಕೊಡಲು ಏಕೆ ಹೊಳೆಯುವುದಿಲ್ಲವೋ! ಅಭಯದಾನಕ್ಕೆ ಭಾವಚಿತ್ರ ಬೇಕಿತ್ತೇ ಎಂದು ಕೇಳಬಹುದು. ಭಾವಚಿತ್ರ ಬಾರದಿದ್ದರೆ ಬೇರೆ ಮನೆಗಳಿಗೆ ಅದು ತಿಳಿಯುತ್ತಲೂ ಇರಲಿಲ್ಲ.

ಸೋತವನಿಗೆ ಅಭಯ ಕೊಟ್ಟರೆ ಓದುವ ಹುರುಪು ಹೋದೀತೆಂಬ ಭಯಕ್ಕೆ ಶಿವಭೂತಿ ಮುನಿಗಳ ಕಥೆಯಲ್ಲಿ ಉತ್ತರವಿದೆ. ಕುಂದಕುಂದಾಚಾರ್ಯರು ಭಾವಪಾಹುಡದಲ್ಲಿ ಅವರನ್ನು ಸ್ಮರಿಸಿದ್ದಾರೆ. ಗುರುಗಳು ಹೇಳಿದ ಪಾಠ ಅವರ ನೆನಪಿನಲ್ಲಿ ನಿಲ್ಲುತ್ತಿರಲಿಲ್ಲ. ಉದ್ದಿನಿಂದ ಸಿಪ್ಪೆ ಬೇರೆಯಾದಂತೆ ಆತ್ಮನಿಂದ ಶರೀರ ಬೇರೆ ಎಂಬಷ್ಟನ್ನೇ, 'ತುಷ ಮಾಷ' ಎಂಬ ಎರಡು ಮಾತುಗಳಲ್ಲಿ, ಬಿಡದೆ ಘೋಷಿಸುತ್ತ ಅವರು ಕೇವಲಜ್ಞಾನವನ್ನೇ ಪಡೆದರು. ಮಕ್ಕಳು ಈ ಕಥೆಯನ್ನು ಓದದಿರುವುದಕ್ಕೆ ನೆಪ ಮಾಡಿಕೊಳ್ಳುವುದೂ ಉಂಟು. ಆದರೆ ಶಿವಭೂತಿಗಳು ಘೋಷಿಸುವುದನ್ನು ಒಂದು ದಿನವೂ ಬಿಡಲಿಲ್ಲ, ಅವರ ಗುರುಗಳೂ ಅವರನ್ನು ಸಂಘದಿಂದ ಹೊರಗಟ್ಟಲಿಲ್ಲ.

ಫಲಿತಾಂಶದ ಕಾಲಕ್ಕೂ ಅಕ್ಷಯ ತೃತೀಯಕ್ಕೂ ನಂಟು ಬಿದ್ದಿರುವುದು ಕಾಕತಾಳೀಯವೇ ಇರಬಹುದು. 2024ರಲ್ಲಿ ಮೇ 9ರಂದು ಫಲಿತಾಂಶ, ಮರುದಿನವೇ ಅಕ್ಷಯ ತೃತೀಯ. 2025ರಲ್ಲಿ ಏಪ್ರಿಲ್ 30ರಂದು ಹಬ್ಬ, ಎರಡು ದಿನ ಬಿಟ್ಟು ಫಲಿತಾಂಶ. ಆದಿನಾಥ ಸ್ವಾಮಿಯು ಆರು ತಿಂಗಳು ಉಪವಾಸವಿದ್ದುದು ತನ್ನ ನಿಯಮದಿಂದ. ಆಮೇಲೆ ಆರು ತಿಂಗಳಿಗೂ ಮಿಕ್ಕಿ ಆಹಾರವಿಲ್ಲದೆ ನಡೆದುದು ಅಲಾಭದಿಂದ. ಎರಡರಲ್ಲಿಯೂ ಸ್ವಾಮಿಯ ಮುಖ ಒಂದೇ ರೀತಿ ಇತ್ತು. ಪ್ರಜೆಗಳಿಗೆ ಪ್ರೀತಿ ಇರಲಿಲ್ಲವೆಂದಲ್ಲ. ಆನೆ ತಂದರು, ಕುದುರೆ ತಂದರು, ರತ್ನ ತಂದರು, ಕನ್ಯೆಯರನ್ನೂ ತಂದು ನಿಲ್ಲಿಸಿದರು. ಏನು ಬೇಕೆಂಬುದು ಮಾತ್ರ ಯಾರಿಗೂ ತಿಳಿಯಲಿಲ್ಲ. ಹಸ್ತಿನಾಪುರದ ಶ್ರೇಯಾಂಸನಿಗೆ ಪೂರ್ವಭವದ ಸ್ಮರಣೆಯಾಗಿ, ಕೊಡುವ ಕ್ರಮ ಹೊಳೆದು, ಕಬ್ಬಿನ ರಸ ನೀಡಿದನು.

ತಿಕೋಟಾದ ಆ ಮನೆಯಲ್ಲಿಯೂ ಹುಡುಗನಿಗೆ ಎಲ್ಲರೂ ಏನಾದರೂ ತಂದರು. ಕಾಕಾ ವಿಜಯಪುರದ ಟ್ಯೂಶನ್ನಿನ ಹೆಸರು ತಂದನು, ತಂದೆ ಬಯ್ಗಳು ತಂದನು, ಸೋದರಮಾವ ಹೊಸ ಮೊಬೈಲಿನ ಆಸೆ ತಂದನು. ರಾತ್ರಿ ಮುದುಕನಾದ ಅಜ್ಜ ಹಾಸಿಗೆಯ ಬಳಿ ಬಂದು ಕುಳಿತು, ತಾನು ಮುಲ್ಕಿಯಲ್ಲಿ ಎರಡು ಸಲ ಫೇಲಾದುದನ್ನು, ಮನೆಯಲ್ಲಿ ಇದುವರೆಗೆ ಯಾರಿಗೂ ಹೇಳದಿದ್ದುದನ್ನು, ಮೆಲ್ಲನೆ ಹೇಳಿದನು. ಹುಡುಗ ಗೋಡೆಯಿಂದ ಈಚೆ ತಿರುಗಿ "ಎರಡ ಸಲಾ?" ಎಂದು ಕೇಳಿದನು.

ಎರಡನೆಯ ಪರೀಕ್ಷೆ ಮೇ 26ರಂದು ಆರಂಭವಾಯಿತು. ಅಂದು ಚತುರ್ದಶಿ. ತಾಯಿ ತನ್ನ ಏಕಾಶನವನ್ನು ಬಿಟ್ಟಿರಲಿಲ್ಲ. ಬಸದಿಯಿಂದ ಬಂದು ಮಗನಿಗೆ ಬಿಸಿ ರೊಟ್ಟಿ ಬಡಿಸಿ, ಗಣಿತದ ಪುಸ್ತಕವನ್ನು ಅವನ ಎದುರಿಗೆ ಸರಿಸಿ, ತಾನು ಜಪಕ್ಕೆ ಕುಳಿತಳು. ಈ ಸಲ ಏನು ಬೇಡಿದೆ ಎಂದು ಅತ್ತೆ ಕೇಳಲಿಲ್ಲ.